ನಾಯಿಗಂಜಿಯ ವಕೀಲರು

ನಮ್ಮ ವಕೀಲರ ಎಡಗಿವಿ ಬಲಗಿವಿಗಿಂತ ಉದ್ದವಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಜಗ್ಗಿ ಜಗ್ಗಿ ಬೆಳೆಸಿದ್ದು. ಏನಾದರೊಂದು ನಿರ್ಣಯ ಮಾಡಬೇಕಾಗಿ ಬಂದರೆ ಅವರ ಕೈ ತಾನಾಗಿಯೇ ಆ ಕಿವಿಯ ಹಾಲೆಗೆ ಹೋಗುತ್ತಿತ್ತು. ನಿರ್ಣಯವೆಂಬುದು ಅವರ ಜಾತಕದಲ್ಲೇ ಇರಲಿಲ್ಲವಾದ್ದರಿಂದ ಕೈ ಅಲ್ಲಿಂದ ಇಳಿಯುವುದು ಊಟಕ್ಕೆ ಕೂತಾಗ ಮಾತ್ರ.

ಧಾರವಾಡದಲ್ಲಿ ನಾನು ಅವರ ಬಳಿ ಹನ್ನೊಂದು ವರ್ಷ ಕಾರಕೂನನಾಗಿದ್ದೆ. ಈ ಸಂಗತಿ ನಡೆದಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದವನು, ಅಕ್ಷರ ದುಂಡಗಿತ್ತು, ಅದರ ಸೊಕ್ಕೂ ಇತ್ತು. ಅವರಂಥವರ ಕೈಕೆಳಗೆ ದುಡಿಯಬೇಕಾಯಿತಲ್ಲ ಎಂಬ ಅಸಮಾಧಾನವನ್ನು ದಿನವೂ ಟೋಪಿಯ ಜೊತೆಗೇ ತಲೆಗೇರಿಸಿಕೊಂಡು ಹೋಗುತ್ತಿದ್ದೆ. ಕೋರ್ಟಿನಲ್ಲಿ ಅವರು ಎದ್ದು ನಿಂತರೆ ಎದುರು ಪಕ್ಷದ ವಕೀಲರು ನೆಮ್ಮದಿಯಿಂದ ನಶ್ಯ ಏರಿಸುತ್ತಿದ್ದರು. ಏಕೆಂದರೆ ಎದುರಿನವರು ಹೇಳಲು ಮರೆತದ್ದನ್ನೂ ನಮ್ಮವರೇ ನೆನಪಿಸಿಕೊಡುತ್ತಿದ್ದರು. "ಎರಡೂ ಬಾಜೂ ನೋಡಬೇಕಲ್ರೀ" ಎಂಬುದು ಅವರ ಮಂತ್ರ. ಒಂದು ಛತ್ರಿ ಕೊಳ್ಳಲು ಹೋಗಿ, ಬಿದಿರಿನ ಕೋಲಿನದೋ ಬೆತ್ತದ ಕೋಲಿನದೋ ಎಂದು ಎರಡೂ ಬಾಜೂ ನೋಡುತ್ತ, ಇಡೀ ಮಳೆಗಾಲವನ್ನು ನೆನೆದುಕೊಂಡೇ ಕಳೆದ ಮಹಾನುಭಾವರು ಅವರು.

ಇಂಥವರ ಮನೆಗೆ ಒಂದು ನಾಯಿ ಬಂತು. ದೇಶಕ್ಕೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ಸಾಹೇಬ, ಬೇಡ ಎನ್ನಲು ಬಾರದ ಮನುಷ್ಯ ಇವರೇ ಎಂದು ಸರಿಯಾಗಿ ಗುರುತಿಸಿ, ಅದನ್ನು ಇವರ ಕೈಗೆ ಕಟ್ಟಿ ಹೋದ. ಕರುವಿನಷ್ಟು ದೊಡ್ಡದು, ಕಂದು ಬಣ್ಣ, ಹೆಸರು ಡ್ಯೂಕ್. ವಕೀಲರ ತಾಯಿ, ಓಣಿಗೆಲ್ಲ ಅಜ್ಜಿಯಾಗಿದ್ದ ಮಡಿ ಹೆಂಗಸು, ಅದನ್ನು ಮೊದಲ ದಿನವೇ ಡೂಕಪ್ಪ ಮಾಡಿದರು. ಮನೆಯಲ್ಲಿ ಇದ್ದವರು ಈ ತಾಯಿ ಮಗ ಇಬ್ಬರೇ. ವಕೀಲರ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು.

ನಾಯಿಯ ಜೊತೆಗೆ ಸಾಹೇಬ ಮುಂಬಯಿಯಿಂದ ತರಿಸಿದ ಒಂದು ಡಬ್ಬಿ ನಾಯಿ ಬಿಸ್ಕೀಟು ಕೊಟ್ಟಿದ್ದ. ಅದು ಮುಗಿದ ದಿನ ವಕೀಲರ ಕೈ ಕಿವಿಗೆ ಹೋಯಿತು. ಮತ್ತೊಂದು ಡಬ್ಬಿ ತರಿಸುವುದೋ, ಮನೆಯಲ್ಲಿಯೇ ಅದಕ್ಕೆ ಅಡಿಗೆ ಮಾಡುವುದೋ? ನಾಲ್ಕು ದಿನ ಮನೆಯ ಕಟ್ಟೆಯ ಮೇಲೆ ಇದೇ ಚರ್ಚೆ. ಓಣಿಯ ನಿವೃತ್ತರಿಗೆಲ್ಲ ಉದ್ಯೋಗ ಸಿಕ್ಕಿತು. ಜನ್ಮದಲ್ಲಿ ಒಂದು ನಾಯಿಗೂ ಕೈಯಾರೆ ತುತ್ತು ಹಾಕದವರು ನಾಯಿಯ ಜಠರದ ಬಗ್ಗೆ ಪ್ರವಚನ ಕೊಟ್ಟರು. ಡಬ್ಬಿಯ ಬಿಸ್ಕೀಟಿನಲ್ಲಿ ಯಾವ ಪ್ರಾಣಿಯ ಕೊಬ್ಬು ಇದೆಯೋ ಎಂದು ಒಬ್ಬರೆಂದರೆ, ಮನೆಯ ಅನ್ನ ತಿಂದರೆ ವಿಲಾಯತಿ ನಾಯಿಗೆ ಹುರುಕು ಹತ್ತುತ್ತದೆ ಎಂದು ಇನ್ನೊಬ್ಬರು. ನಾಯಿ ಮಾತ್ರ ಆ ನಾಲ್ಕು ದಿನ ನಮ್ಮೆಲ್ಲರ ಬಾಯಿಯನ್ನೇ ನೋಡುತ್ತ ಮಲಗಿತ್ತು.

ಕೊನೆಗೆ ವಕೀಲರು ಒಂದು ದೊಡ್ಡ ಹಾಳೆಯ ನಡುವೆ ಗೆರೆ ಎಳೆಸಿದರು. ಮೇಲೆ "ಮನೆಯಲ್ಲಿ ಮಾಡಿದ ನಾಯಿಯ ಆಹಾರ" ಎಂಬ ತಲೆಬರಹ, ಎಡಕ್ಕೆ ಲಾಭ, ಬಲಕ್ಕೆ ಹಾನಿ. ಬರೆದವನು ನಾನು, ಹೇಳಿದವರು ಅವರು. ಏನು ಬೆರೆಸಿದ್ದೇವೆಂದು ನಮಗೆ ಗೊತ್ತಿರುತ್ತದೆ, ದಿನವೂ ತಾಜಾ ಇರುತ್ತದೆ, ಪರರ ಕೊಬ್ಬು ಮನೆಗೆ ಬರುವುದಿಲ್ಲ, ಇವೆಲ್ಲ ಲಾಭ. ಅಜ್ಜಿಯ ಮಡಿಗೆ ಅಡಚಣೆ, ಹಾಲು ಹಾಕಿದರೆ ಹೊಟ್ಟೆಯಲ್ಲಿ ಹುಳ, ರೊಟ್ಟಿ ಹಾಕಿದರೆ ಮಲಬದ್ಧತೆ, ತುಪ್ಪ ಹಾಕಿದರೆ ಹುರುಕು, ಇಂಥವು ಆರು ಹಾನಿ. ಏಳನೆಯದನ್ನು ಹೇಳುವಾಗ ಬಹಳ ಹೊತ್ತು ಕಿವಿ ಜಗ್ಗಿಕೊಂಡರು. "ನಾಯಿಯ ಜಾತಿಸ್ವಭಾವ ಅಂತ ಬರೀರಿ. ಮುಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕ್ರಿ. ಅದಕ್ಕ ನಮ್ಮ ಹತ್ರ ಪುರಾವೆ ಇಲ್ಲ" ಎಂದರು. ನಾಯಿಗೆ ಏನು ಬೇಕೆಂಬುದಕ್ಕೆ ಪುರಾವೆ ಕೇಳುವ ಮನುಷ್ಯನನ್ನು ನಾನು ಅಂದೇ ಮೊದಲು ನೋಡಿದ್ದು. ತುಟಿ ಕಚ್ಚಿಕೊಂಡು ಪ್ರಶ್ನೆಯ ಚಿಹ್ನೆ ಹಾಕಿದೆ.

ಹಾನಿಗಳನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋದಂತೆ ಹಾಲು ಹೋಯಿತು, ರೊಟ್ಟಿ ಹೋಯಿತು, ತುಪ್ಪವೂ ಹೋಯಿತು. ಉಳಿದದ್ದು ಜೋಳದ ನುಚ್ಚಿನ ಗಂಜಿ, ಅದಕ್ಕೊಂದಿಷ್ಟು ಹೆಸರುಬೇಳೆಯ ಕಟ್ಟು, ಚಿಟಿಕೆ ಅರಿಸಿನ. ಅಜ್ಜಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿಕೊಂಡರು. ಅಲ್ಲಿ ಗಂಜಿ ಕುದಿಸಿ, ಮಾರು ದೂರದಿಂದ ನಾಯಿಯ ಮುಂದಿನ ಕಲ್ಲಿನ ದೋಣಿಗೆ ಸುರಿದು, ಮತ್ತೆ ಸ್ನಾನ ಮಾಡುತ್ತಿದ್ದರು. ಏಕಾದಶಿಯ ದಿನ ಅದೂ ಇಲ್ಲ.

"ಏಕಾದಶಿ ದಿವ್ಸ ಈ ಮನ್ಯಾಗ ಒಲಿ ಹೊತ್ತೂದಿಲ್ಲ. ಡೂಕಪ್ಪಗಂತ ಹೊತ್ತಸಲೇನು? ನಾಳೆ ದ್ವಾದಶಿ, ಲಗೂನ ಹಾಕ್ತೀನಿ" ಎಂದು ಅಜ್ಜಿ ನಾಯಿಗೇ ಸಮಾಧಾನ ಹೇಳುತ್ತಿದ್ದರು. ವಕೀಲರು ಅದನ್ನೂ ಬಿಡಲಿಲ್ಲ. "ತಿಂಗಳಿಗೆ ಎರಡು ಲಂಘನ" ಎಂದು ಲಾಭದ ಕಡೆಗೆ ಬರೆಸಿದರು.

ಒಂದು ತಿಂಗಳು ನಾಯಿಯ ತೂಕ ಇಳಿಯಿತು. ಆಮೇಲೆ ಏರತೊಡಗಿತು. ಮೈ ಮಿರಿಮಿರಿ ಮಿಂಚಿತು, ಕುತ್ತಿಗೆ ದಪ್ಪವಾಯಿತು, ಬೊಗಳಿದರೆ ಕಿಟಕಿ ನಡುಗುವಂತಾಯಿತು. ವಕೀಲರ ಹಿಗ್ಗು ಹೇಳತೀರದು. ಜೀವಮಾನದಲ್ಲಿ ಗೆಲ್ಲದ ಮನುಷ್ಯ ಕಡೆಗೊಂದು ಗೆದ್ದಿದ್ದ! ಬಂದ ಕಕ್ಷಿದಾರರಿಗೆ ತಮ್ಮ ಖಟ್ಲೆಯ ವಿಷಯ ಎತ್ತಲು ಅವಕಾಶವಿಲ್ಲ, ಮೊದಲು ಹಿತ್ತಲಿಗೆ ಹೋಗಿ ನಾಯಿಯ ದರ್ಶನ ಮಾಡಬೇಕು. ಹಾಳೆಯನ್ನು ನಾನು ಎಷ್ಟು ಸಲ ನಕಲು ಮಾಡಿದೆನೋ.

ನಿಜ ಏನೆಂಬುದು ನನಗೆ ಗೊತ್ತಿತ್ತು. ಹಿತ್ತಲ ಗೋಡೆಯ ಆಚೆ ಒಬ್ಬ ಟಾಂಗಾವಾಲಾ ಚಾಚಾನ ಮನೆ. ಅವನ ಭಾವನದು ಮಟನ್ ಅಂಗಡಿ. ಎಲುಬು, ಬೋಟಿ ದಿನವೂ ಆ ಮನೆಗೆ ಬರುತ್ತಿದ್ದವು. ಮಧ್ಯಾಹ್ನ ವಕೀಲರು ಕೋರ್ಟಿನಲ್ಲಿ, ಅಜ್ಜಿ ನಿದ್ದೆಯಲ್ಲಿ. ಆಗ ಡೂಕಪ್ಪ ಕುಸಿದ ಗೋಡೆ ಹಾರಿ ಅಲ್ಲಿಗೆ ಊಟಕ್ಕೆ ಹೋಗುತ್ತಿತ್ತು. ಅದರ ಪಾಲಿನ ಗಂಜಿ ಕಾಗೆಗಳಿಗೆ. ಚಾಚಾ ಒಂದು ದಿನ ನನ್ನನ್ನು ಬೀದಿಯಲ್ಲಿ ತಡೆದ.

"ಕಾರಕೂನ ಸಾಹೇಬ್ರ, ನಿಮ್ಮ ನಾಯಿ ದಿನಾ ನಮ್ಮ ಮನ್ಯಾಗ ಉಣ್ಣಾಕತ್ತೈತ್ರಿ. ನಮಗೇನ ತ್ರಾಸಿಲ್ಲ. ಆದ್ರ ಮಡಿ ಮಂದಿ ಮನಿ ನಾಯಿ ನೋಡ್ರಿ, ವಕೀಲ್ ಸಾಹೇಬ್ರಿಗೆ ಒಂದ್ ಮಾತ ಹೇಳ್ಲೇನ್ರಿ?"

"ನೀ ಬ್ಯಾಡ. ನಾ ಹೇಳ್ತೀನಿ" ಎಂದೆ.

ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹೇಳಲಿಲ್ಲ. ವಕೀಲರು ಕಟ್ಟೆಯ ಮೇಲೆ ಗಂಜಿಯ ಮಹಿಮೆ ಸಾರುವಾಗ ಪಕ್ಕದಲ್ಲಿ ಕೂತು ಒಳಗೊಳಗೇ ನಗುವ ಸುಖ ನನಗೆ ಬೇರೆ ಎಲ್ಲಿಯೂ ಸಿಗುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಅವರ ಹಾಗೆ ಕಿವಿ ಜಗ್ಗಿ ತೋರಿಸುತ್ತಿದ್ದೆ. ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹೀಗಿರುವಾಗ ಹುಬ್ಬಳ್ಳಿಯ ಗೋಪನಕೊಪ್ಪದಿಂದ ಒಬ್ಬ ಹೆಣ್ಣುಮಗಳು ತಮ್ಮ ಮನೆಯ ತಕರಾರಿನ ಸಲುವಾಗಿ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎಲ್ಲರೂ ಅಕ್ಕಾವರು ಎಂದೇ ಕರೆಯುತ್ತಿದ್ದರು. ಹಿಂದುಮುಂದು ಯಾರೂ ಇಲ್ಲ. ಮನೆಯಲ್ಲಿ ಇದ್ದದ್ದು ಒಂದು ಮರಿ ನಾಯಿ, ಆರು ತಿಂಗಳದು, ದೊಡ್ಡ ಜಾತಿಯದು. ಅದಕ್ಕೆ ಪಕ್ಕದ ಮನೆಯವರು ತಮ್ಮ ಮಾಂಸದ ಅಡಿಗೆಯಲ್ಲಿ ಉಳಿದದ್ದನ್ನು ಹಾಕುತ್ತಿದ್ದರು. ಅಕ್ಕಾವರಿಗೆ ಅದು ಮನಸ್ಸಿಗೆ ಬಾರದ ಸಂಗತಿ. ವಕೀಲರು ಡೂಕಪ್ಪನನ್ನು ತೋರಿಸಿದರು. ಅಕ್ಕಾವರು ಅದರ ಮೈ ಸವರಿ, "ಬರೇ ಗಂಜಿ ಮ್ಯಾಲೆ ಹಿಂಗಾಗೇದೇನ್ರಿ?" ಎಂದು ಕೇಳಿದರು.

ವಕೀಲರು ನನ್ನ ಕಡೆ ತಿರುಗಿ, "ಕಾರಕೂನರಽ ಸಾಕ್ಷಿ ಇದ್ದಾರ, ಕೇಳ್ರಿ" ಎಂದರು.

ಆಗ ನಾನು ಬಾಯಿ ಬಿಡಬಹುದಿತ್ತು. "ಹೌದ್ರಿ" ಎಂದೆ. ಹಾಳೆಯನ್ನು ನನ್ನ ದುಂಡು ಅಕ್ಷರದಲ್ಲಿ ನಕಲು ಮಾಡಿ ಕೊಟ್ಟೆ. ಅವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು.

ಐದಾರು ತಿಂಗಳ ಮೇಲೆ ಅವರ ಕಾಗದ ಬಂತು. ನಾಯಿಯ ಮುಂಗಾಲು ಸೊಟ್ಟಗಾಗಿವೆ, ಮೂರು ದಿನದಿಂದ ಎದ್ದಿಲ್ಲ, ದನದ ಡಾಕ್ಟರರು ಎಲುಬಿನಲ್ಲಿ ಸತ್ವವಿಲ್ಲ ಎಂದರು, ತಾವು ಮಾತ್ರ ಗಂಜಿಯ ನೇಮ ಮುರಿದಿಲ್ಲ, ಏಕಾದಶಿಯನ್ನೂ ತಪ್ಪಿಸಿಲ್ಲ, ಎಲ್ಲಿ ತಪ್ಪಿದೆವೋ ದಯವಿಟ್ಟು ತಿಳಿಸಬೇಕು, ಎಂದು ಬರೆದಿದ್ದರು.

ಅಂದು ಕೋರ್ಟಿಗೆ ಸೂಟಿ, ವಕೀಲರು ಮನೆಯಲ್ಲೇ ಇದ್ದರು. ವಕೀಲರು ಕಾಗದವನ್ನು ಎರಡು ಸಲ ಓದಿಸಿದರು. ಎದ್ದು ಹಿತ್ತಲಿಗೆ ಹೋದರು, ನಾನು ಹಿಂದೆ. ಕಲ್ಲಿನ ದೋಣಿಯ ತುಂಬ ಗಂಜಿ, ಅಂಚಿನ ಮೇಲೆ ಕಾಗೆ. ಡೂಕಪ್ಪ ಗೋಡೆಯ ಆಚೆ ಎಲುಬು ಕಡಿಯುವ ಸಪ್ಪಳ ಈಚೆಗೇ ಕೇಳುತ್ತಿತ್ತು. ವಕೀಲರು ಕುಸಿದ ಗೋಡೆಯ ಹತ್ತಿರ ನಿಂತು ಚಾಚಾನನ್ನು ಕೂಗಿದರು.

"ಎಷ್ಟು ದಿವ್ಸಾತೋ ಇದು ಇಲ್ಲಿ ಬರಲಿಕ್ಕೆ ಹತ್ತಿ?"

"ವರ್ಸ ಆಗಾಕ ಬಂತ್ರಿ ಸಾಹೇಬ್ರ. ಕಾರಕೂನ ಸಾಹೇಬ್ರಿಗೆ ಆವಾಗಽ ಹೇಳಿದ್ನೆಲ್ರಿ."

ವಕೀಲರು ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಕೈ ಕಿವಿಗೆ ಹೋಗುತ್ತದೆ, ಎರಡೂ ಬಾಜೂ ನೋಡುತ್ತಾರೆ, ಅಷ್ಟರಲ್ಲಿ ಏನಾದರೊಂದು ನೆಪ ಹೊಳೆಯುತ್ತದೆ ಎಂದುಕೊಂಡೆ. ಅವರ ಕೈ ಮೇಲೇಳಲೇ ಇಲ್ಲ.

"ಟಾಂಗಾ ಕಟ್ಟು" ಎಂದರು ಚಾಚಾನಿಗೆ. "ಎಲುಬಿನ ಸಾರು ಅದ ಏನು ಮನ್ಯಾಗ? ಒಂದು ಗಡಿಗ್ಯಾಗ ಹಾಕಿ ಕೊಡಲಿಕ್ಕೆ ಹೇಳು. ಗೋಪನಕೊಪ್ಪಕ್ಕ ಹೋಗೂಣು."

ಬೀದಿಯವರೆಲ್ಲ ನೋಡುತ್ತಿದ್ದರು. ಕಟ್ಟೆಯ ನಿವೃತ್ತರು ಎದ್ದು ನಿಂತರು. ಅಜ್ಜಿ ಬಾಗಿಲಲ್ಲಿ ನಿಂತು, "ಏನಪಾ ಅದು, ಏನ ಹಿಡ್ಕೊಂಡಿ?" ಎಂದು ಕೇಳಿದರು. "ಸಾರು, ಅವ್ವಾ" ಎಂದಷ್ಟೇ ಹೇಳಿ ವಕೀಲರು ಟಾಂಗಾ ಹತ್ತಿದರು. ಗಡಿಗೆಯನ್ನು ನಾನು ಹಿಡಿದುಕೊಳ್ಳಬೇಕೆಂದು ಅವರು ಹೇಳಲಿಲ್ಲ, ನಾನೂ ಕೈ ಚಾಚಲಿಲ್ಲ. ನನ್ನ ಜನಿವಾರದ ಚಿಂತೆ ನನಗೆ. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಿಂದ ತಬ್ಬಿ ಕೂತರು. ರಾಯಾಪುರ ದಾಟುವಾಗ ಗಾಲಿ ತಗ್ಗಿಗೆ ಬಿದ್ದು ಸಾರು ತುಳುಕಿ ಅವರ ಧೋತರದ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ. "ಲಗೂ ಹೊಡಿಯೋ ಮಾರಾಯಾ" ಎಂದು ಚಾಚಾನಿಗೆ ಹೇಳಿದ್ದೊಂದೇ ಮಾತು.

ಅಕ್ಕಾವರ ಅಡಿಗೆಮನೆಯ ಗೋಡೆಗೆ ನನ್ನ ಹಾಳೆಯನ್ನು ಅಂಟಿಸಿದ್ದರು. ನಾಯಿ ಹಿಂದಿನ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು, ಕುತ್ತಿಗೆಯಲ್ಲಿ ಸರಪಳಿ. ವಕೀಲರು ನೆಲದ ಮೇಲೆ ಕೂತು, ಅಂಗೈಯಲ್ಲಿ ಸಾರು ಹಾಕಿಕೊಂಡು ಅದರ ಬಾಯಿಗೆ ಹಿಡಿದರು. ಅದಕ್ಕೆ ವಾಸನೆ ಗುರುತು ಸಿಕ್ಕಿತು. ಬಾಲ ಒಂದು ಸಲ ಅಲುಗಿತು. ಎರಡು ಸಲ ನೆಕ್ಕಿತು, ಮೂರನೆಯ ಸಲ ನಾಲಿಗೆ ಹೊರಗೆ ಬರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

"ತಪ್ಪು ನಂದು ಅಕ್ಕಾವ್ರ" ಎಂದರು ವಕೀಲರು. "ನಮ್ಮ ನಾಯಿ ಗಂಜಿ ಉಂಡೇ ಇಲ್ಲ. ಹಿತ್ತಲ ಹಿಂದ ಎಲುಬು ತಿಂದು ಬದುಕ್ಯದ. ನಾ ನೋಡಲಿಲ್ಲ."

ಅಕ್ಕಾವರು ಅಳಲಿಲ್ಲ. ಗೋಡೆಯ ಮೇಲಿನ ಹಾಳೆಯ ಕಡೆ ನೋಡುತ್ತ, "ಬಾಜೂ ಮನ್ಯಾಗ ಒಗ್ಗರಣಿ ವಾಸ್ನಿ ಬಂದಾಗೆಲ್ಲಾ ಅದು ಸರಪಳಿ ಜಗ್ಗಿ ಅಳತಿತ್ರಿ. ನಿಮ್ಮ ಕಾಗದದ ಮ್ಯಾಲೆ ವಿಶ್ವಾಸ ಇಟ್ಟು ನಾ ಬಿಚ್ಚಲಿಲ್ಲ" ಎಂದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಾರಕೂನನಿಗೆ ಗೊತ್ತಿತ್ತು ಎಂದು ವಕೀಲರು ಒಂದೇ ಮಾತು ಹೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಹೇಳಲಿಲ್ಲ. ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ತಿರುಗಿ ಬರುವಾಗ ಖಾಲಿ ಗಡಿಗೆ ಅವರ ತೊಡೆಯ ಮೇಲೆಯೇ ಇತ್ತು. ಮರುದಿನದಿಂದ ಓಣಿಯ ದೊಡ್ಡ ಮನುಷ್ಯರು ಅವರ ಕಟ್ಟೆಗೆ ಬರುವುದನ್ನು ಬಿಟ್ಟರು. ಮಾಂಸದ ಗಡಿಗೆ ಹೊತ್ತವನ ಮನೆಯಲ್ಲಿ ನೀರು ಕುಡಿಯುವುದಾದರೂ ಹೇಗೆ ಎಂದರಂತೆ. ನಾಲ್ಕು ದಿನ ನಾಯಿಯನ್ನು ಉಪವಾಸ ಕೆಡವಿ ಪ್ರವಚನ ಮಾಡಿದವರು! ಅಜ್ಜಿ ಮಾತ್ರ ಮಗನಿಗೆ ತಲೆ ಮೇಲೆ ನೀರು ಹಾಕಿ, ಎಂದಿನಂತೆ ಎಲೆ ಹಾಕಿ ಬಡಿಸಿದರು.

ಅದಾದ ಮೇಲೂ ಅವರು ಛತ್ರಿಗೆ, ಚಪ್ಪಲಿಗೆ, ದಾವೆಗೆ ಕಿವಿ ಜಗ್ಗುವುದನ್ನು ಬಿಡಲಿಲ್ಲ. ನಾನೂ ಅವರನ್ನು ಪೂರ್ತಿ ಗೌರವಿಸಲು ಕಲಿತೆ ಎಂದರೆ ಸುಳ್ಳಾದೀತು. ಒಳ್ಳೆಯ ವಕೀಲರಲ್ಲ, ಜಾಣರಂತೂ ಅಲ್ಲವೇ ಅಲ್ಲ. ಆದರೆ ಮನೆಯಲ್ಲಿ ಅವರ ಹಾಗೆ ಕಿವಿ ಜಗ್ಗಿ ತೋರಿಸುವುದನ್ನು ನಿಲ್ಲಿಸಿದೆ.

ಯುದ್ಧ ನಡೆದಿರುವಾಗಲೇ ಅವರು ವಿಷಮಜ್ವರದಿಂದ ತೀರಿಕೊಂಡರು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ವಕೀಲರ ಕಪಾಟಿನ ಕಾಗದಪತ್ರ ವಿಂಗಡಿಸುವ ಕೆಲಸ ನನಗೆ ಬಂತು. ತಳದಲ್ಲಿ ಆ ಮೂಲ ಹಾಳೆ ಸಿಕ್ಕಿತು, ನನ್ನದೇ ದುಂಡು ಅಕ್ಷರ. ಹಾನಿಯ ಕಡೆ ಏಳನೆಯ ಸಾಲಿನ ಪ್ರಶ್ನೆಯ ಚಿಹ್ನೆಯನ್ನು ಹೊಡೆದು ಹಾಕಿದ್ದರು. ಅದರ ಕೆಳಗೆ ಎಂಟನೆಯದೊಂದನ್ನು ತಮ್ಮ ಕಾಗೆಕಾಲಿನ ಅಕ್ಷರದಲ್ಲಿ ತಾವೇ ಸೇರಿಸಿದ್ದರು, ಯಾರ ಹೆಸರನ್ನೂ ಎತ್ತದೆ:

"ಕಂಡವರು ಹೇಳದೆ ಇರಬಹುದು."