ಅಂಗೈಗಳ ನಡುವಿನ ಬೆರಳು

ಹಾರೋಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳ ಬಾಯಲ್ಲಿ ಸದಾ ಒಂದೇ ಮಾತು: “ಒಸಿ ತಡೀರಿ, ನೋಡಾನ.”

ಅವಳ ಕೂಸು ನಿದ್ದೆಯಿಂದ ಎದ್ದ ಕೂಡಲೇ ತಲೆ ಬಾಗಿಸಿ, ಎರಡೂ ಕೈ ಮುಂದಕ್ಕೆ ತರುತ್ತಿತ್ತು, ಮತ್ತೆ ಮತ್ತೆ. “ಸಾಮಿಗೆ ಕೈ ಮುಗೀತೈತೆ” ಎಂದು ನಾವೆಲ್ಲ ಹಿಗ್ಗಿದರೂ ಅವಳು ನಗಲಿಲ್ಲ. ಆಸ್ಪತ್ರೆಯಲ್ಲಿ ತೋರಿಸಿದಾಗ ಅದು ಫಿಟ್ಸ್ ಎಂದು ಗೊತ್ತಾಯಿತು. ಮಿದುಳಿನ ಒಂದು ಭಾಗ ಹುಟ್ಟುವಾಗಲೇ ಸರಿಯಾಗಿ ಬೆಳೆದಿರಲಿಲ್ಲ. ಯಾವ ಔಷಧಿಗೂ ಜಗ್ಗದಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಆ ಭಾಗವನ್ನೇ ತೆಗೆದರು.

ಮನೆಗೆ ಬಂದ ಮೇಲೂ, ಫಿಟ್ಸ್ ಮರಳಿ ಕೈಗಳು ಮತ್ತೆ ಕೂಡಿಯಾವೆಂಬ ಭಯಕ್ಕೆ, ಅವಳು ಕೂಸಿನ ಅಂಗೈಗಳ ನಡುವೆ ತನ್ನ ಬೆರಳಿಟ್ಟುಕೊಂಡೇ ಕೂರುತ್ತಿದ್ದಳು. ಒಂದು ಸಂಜೆ ಅವಳತ್ತೆ ದೀಪ ಹಚ್ಚಿ, “ಕೈ ಮುಗಿ ಕಂದ” ಎಂದರು. ಕೂಸು ಕೈ ಜೋಡಿಸಿತು. ಅವಳು ಬೆಚ್ಚಿ ಬಿಡಿಸಿದಳು. ಕೂಸು ಅವಳ ಮುಖ ನೋಡಿ ನಕ್ಕು, ಮತ್ತೆ ಜೋಡಿಸಿತು.

“ಹೇಳಿದ್ ಮಾತು ಕೇಳ್ತೈತೆ ಕಣವ್ವ!” ಎಂದರು ಅತ್ತೆ.

“ಒಸಿ ತಡೀರತ್ತೆ, ನೋಡಾನ.”

ಈ ಸಲ ಅವಳು ಬೆರಳನ್ನು ನಡುವೆ ತೂರಿಸಲಿಲ್ಲ; ದೂರಕ್ಕೂ ಒಯ್ಯಲಿಲ್ಲ.