ಸಂಚಕಾರಕ್ಕೆ ಎರಡು ಅರ್ಥ

ಮುಂಗಡ ಹಣವನ್ನು ಹಿಂದಕ್ಕೆ ಕಳಿಸಿದ ಸಂಜೆ ವಾದದಲ್ಲಿ ಗೆದ್ದೆ ಎಂದೇ ನಾನು ನಂಬಿದ್ದೆ. ಕೊನೆಯ ಏಟನ್ನು ಕೊನೆಯ ಗಳಿಗೆಗೆ ಉಳಿಸಿಕೊಳ್ಳಬೇಕು, ಎದುರಾಳಿಗೆ ಉತ್ತರಿಸಲು ಸಮಯ ಇರಬಾರದು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಅದನ್ನೇ ಮಾಡಿದೆ. ಫೋನಿನಲ್ಲೇ ಹಣ ವಾಪಸು ಹಾಕಿ, ಮಾತು ಮುಗಿಯಿತು ಎಂದು ಕುಳಿತೆ.

ಎದುರಾಳಿ ಬಾದಾಮಿಯ ಒಂದು ಲಾಡ್ಜಿನ ಮಾಲೀಕರು. ತಮ್ಮಲ್ಲಿ ಇಳಿದುಕೊಂಡವರು ಮೊಬೈಲಿನಲ್ಲಿ ಕಥೆ ಕೇಳುತ್ತ ಊರು ಸುತ್ತಬೇಕು ಎಂಬುದು ಅವರ ಆಸೆ. ಗುಹೆಗಳು, ಕೆರೆಯ ದಂಡೆ, ಅಲ್ಲಿಂದ ಚೊಳಚಗುಡ್ಡದ ಬನಶಂಕರಿ, ಪುರಸೊತ್ತು ಇದ್ದವರಿಗೆ ಶಿವಯೋಗ ಮಂದಿರ. ಆ ಮಾತನ್ನೆಲ್ಲ ಬರೆದುಕೊಡುವ ಕೆಲಸ ನನ್ನದು. ನಾನಿರುವುದು ಹುನಗುಂದದಲ್ಲಿ. ಯಾರ ನೌಕರಿಯಲ್ಲೂ ಇಲ್ಲ, ಕೇಳಿದವರಿಗೆ ಬರೆದುಕೊಡುತ್ತೇನೆ. ಇಳಕಲ್ಲಿನ ಸೀರೆ ಅಂಗಡಿಯ ವೆಬ್‌ಸೈಟಿಗೆ ಸೆರಗಿನ ವರ್ಣನೆ, ಕಾಲೇಜಿನ ಪರಿಚಯ ಪುಸ್ತಿಕೆ, ಒಮ್ಮೆ ಗ್ರಾನೈಟ್ ವ್ಯಾಪಾರಿಯೊಬ್ಬರಿಗೆ ಕೆಂಪು ಕಲ್ಲಿನ ಗುಣಗಾನ. ಕರಾರುಪತ್ರ ಎನ್ನುವ ವಸ್ತುವನ್ನು ನಾನು ಕಂಡೇ ಇರಲಿಲ್ಲ. ಚಹಾ ಕುಡಿಯುತ್ತ ಒಟ್ಟು ಇಷ್ಟು ಎಂದು ಮಾತಾಡುವುದು, ಮರುದಿನ ಅದರಲ್ಲೊಂದು ಪಾಲು ಖಾತೆಗೆ ಬಂದು ಬೀಳುವುದು. ಅಷ್ಟೇ.

ಬರೆದು ಕಳಿಸಿದ ಮೇಲೆ ಅವರ ಫೋನ್ ಬಂತು.

“ಮೇಡಂ, ಇದರಾಗ ಸಂಶಯ ಭಾಳ ಐತ್ರಿ.”

“ಎಲ್ಲಿ ರೀ?”

“ಆ ರಾಕ್ಷಸ ಬರೂ ಜಾಗಾದಾಗ.”

ಊರಿಗೆ ಹೆಸರು ಕೊಟ್ಟ ರಾಕ್ಷಸನನ್ನು ಋಷಿಯೊಬ್ಬರು ಉಂಡು ಅರಗಿಸಿಕೊಂಡ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ನಾನೂ ಅದನ್ನೇ ಹೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಪೂರ್ತಿ ಅರಗಿದ್ದರೆ ಹೆಸರು ಹೇಗೆ ಉಳಿಯಿತು? ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.’

“ಮಂದಿ ಭಕ್ತಿಲೆ ಬರ್ತಾರ್ರಿ. ನೀವು ಪಾಟೀಸವಾಲು ಮಾಡಾಕ ನಿಂತೀರಲ್ಲ!”

“ಪ್ರಶ್ನೆ ಕೇಳಿದ್ರ ಓಡಿ ಹೋಗೂ ಭಕ್ತಿ ಎಂಥಾದ್ದು ರೀ ಅದು?”

“ವಾದಾ ಬ್ಯಾಡ್ರಿ. ನಮಗ ಈ ಬರಹನ ಬ್ಯಾಡ. ಕೊಟ್ಟ ರೊಕ್ಕಾ ಇಟ್ಕೋರಿ, ಹೋಗ್ಲಿ.”

ಆ ‘ಹೋಗ್ಲಿ’ ನನ್ನನ್ನು ಕೆರಳಿಸಿತು. ಧರ್ಮಕ್ಕೆ ಕೊಟ್ಟ ರೊಕ್ಕ ನನಗೆ ಬೇಡ ಎಂದು ಹಿಂದಕ್ಕೆ ಕಳಿಸಿದ್ದು ಆಗಲೇ.

ಕೆಲವು ವಾರಗಳ ಮೇಲೆ ಅವ್ವನನ್ನು ಕರೆದುಕೊಂಡು ಬನಶಂಕರಿಗೆ ಹೋಗಿದ್ದೆ. ಅವ್ವ ದರ್ಶನದ ಸಾಲಿನಲ್ಲಿ ನಿಂತಳು, ನಾನು ಹೊಂಡದ ಪಕ್ಕ ರೊಟ್ಟಿ ಮಾರುವವಳ ಬುಟ್ಟಿಯ ಮುಂದೆ ಕುಳಿತೆ. ಬದಿಯಲ್ಲಿ ಎಲ್ಲಿಂದಲೋ ಬಂದ ಗಂಡ ಹೆಂಡತಿ ಮೊಸರು, ಪುಂಡಿಪಲ್ಲೆ ಕಲಸಿಕೊಳ್ಳುತ್ತ ಮೊಬೈಲು ಹಚ್ಚಿಟ್ಟಿದ್ದರು. ಅದರಿಂದ ನನ್ನ ವಾಕ್ಯಗಳು ಬರುತ್ತಿದ್ದವು. ಓದುತ್ತಿದ್ದುದು ಲಾಡ್ಜಿನ ಮಾಲೀಕರ ಸ್ವಂತ ದನಿ. ರಾಕ್ಷಸನ ಕಥೆಗೆ ಬಂದಾಗ, ಬೇಡವೆಂದ ಆ ಸಾಲನ್ನು ಅವರು ಬಿಟ್ಟಿರಲಿಲ್ಲ. ‘ಹೇಗೆ ಉಳಿಯಿತು?’ ಎಂದು ಎಳೆದು, ಸ್ವಲ್ಪ ತಡೆದು, ರುಚಿಯಾಗಿ ಹೇಳಿದರು. ಗಂಡ ಹೆಂಡತಿ ನಕ್ಕರು.

“ಯಾರ ಬರದಾರೋ ಏನೋ, ಬಾಯಿ ಚುರುಕ ಐತಿ” ಎಂದಳು ರೊಟ್ಟಿಯವಳು.

“ನಾನ ಬರದದ್ದು.”

“ಹಂಗಾರ ದನಿ ಯಾಕಬೇ ಗಂಡಸರದ ಐತಿ?” ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಸಿಟ್ಟಿಗಿಂತ ಹೆಚ್ಚಾಗಿ ನನಗೆ ಕುತೂಹಲವಾಯಿತು. ಹಣ ಮರಳಿದೆ, ಅವರು ಬೇಡ ಎಂದಿದ್ದಾರೆ. ಆದರೂ ಬರಹ ಅವರ ಬಳಿ ದುಡಿಯುತ್ತಿದೆ. ಈಗ ಅದು ಯಾರದು? ಇದು ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯಾಗಿತ್ತು, ಅಂಥವು ನನಗೆ ಸಿಗುವುದು ಕಡಿಮೆ ಎಂದು ಆಗ ತಿಳಿದಿದ್ದೆ.

ಬಾಗಲಕೋಟೆಯಲ್ಲಿ ಒಬ್ಬ ವಕೀಲೆ ಇದ್ದಾರೆ. ನಾನು ಓದುವಾಗ ಒಂದು ಸ್ಪರ್ಧೆಗೆ ತೀರ್ಪುಗಾರರಾಗಿ ಬಂದು ನನಗೆ ಎರಡನೇ ಬಹುಮಾನ ಕೊಟ್ಟಿದ್ದರು. ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ಬೇರೆ ವಕೀಲರ ಪರಿಚಯ ಇರಲಿಲ್ಲ. ನವನಗರದ ಅವರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರ ಮೊದಲ ಪ್ರಶ್ನೆ:

“ಸಂಚಕಾರ ಎಷ್ಟ ಬಂದಿತ್ತು?”

ಸಂಚಕಾರ ಎಂದರೆ ನನಗೆ ಗೊತ್ತಿದ್ದುದು ಪತ್ರಿಕೆಯ ತಲೆಬರಹ. ಪ್ರಾಣಕ್ಕೆ ಸಂಚಕಾರ, ಪರಿಸರಕ್ಕೆ ಸಂಚಕಾರ.

“ಇಲ್ರಿ ಅಕ್ಕಾರ, ಹೆದರಿಕಿ ಗಿದರಿಕಿ ಏನೂ ಹಾಕಿಲ್ಲ ಅವರು.”

ಅವರು ಕುರ್ಚಿಗೆ ಒರಗಿ ನಕ್ಕರು. “ಹುಚ್ಚಿ, ಅಡ್ವಾನ್ಸ್ ಕೇಳಾಕತ್ತೇನಿ. ಹೊಲಾ ಖರೀದಿ ಮಾಡೂಮುಂದ ನಿಮ್ಮ ಮನ್ಯಾಗ ಏನಂತಾರ?”

“ನಮ್ಮ ಮನ್ಯಾಗ ಯಾರೂ ಹೊಲಾ ಖರೀದಿ ಮಾಡಿಲ್ರಿ.”

“ವ್ಯವಹಾರ ಗಟ್ಟಿ ಆತು ಅಂತ ಮುಂಚೆ ಕೊಡೂ ರೊಕ್ಕಕ್ಕ ಸಂಚಕಾರ ಅಂತಾರ. ಕೊಟ್ಟಾವ ಹಿಂದ ಸರದ್ರ ಅವನ ರೊಕ್ಕಾ ಮುಳಗತೈತಿ. ತೊಗೊಂಡಾವ ತಿರಗಿ ಕೊಟ್ರ, ವ್ಯವಹಾರ ಅವನೇ ಮುರದಂಗ.”

“ಮತ್ತ ಪ್ರಾಣಕ್ಕ ಸಂಚಕಾರ ಅಂದ್ರ?”

“ಯಮ ಅಡ್ವಾನ್ಸ್ ಕೊಟ್ಟು ಹೋಗ್ಯಾನ ಅಂತ.”

“ಇದಕ್ಕ ಆಧಾರ ಏನ್ರಿ?”

“ನೀ ಆಧಾರ ಕೇಳಾಕ ಬಂದೀಯೋ, ನ್ಯಾಯ ಕೇಳಾಕ ಬಂದೀಯೋ?”

ಎರಡಕ್ಕೂ ಎಂದೆ. (ಮನೆಗೆ ಬಂದು ನಿಘಂಟು ತೆಗೆದೆ. ಮುಂಗಡದ ಅರ್ಥ ಖರೆ. ಯಮನ ಸುದ್ದಿ ಅಲ್ಲಿ ಇರಲಿಲ್ಲ.)

ಆಮೇಲೆ ಅವರು ಚರ್ಚೆಯವರ ಹಳೆಯ ಉಪಾಯ ಒಂದನ್ನು ಹೂಡಿದರು. “ಈಗ ನೀ ಲಾಡ್ಜಿನ ಮಾಲಕ. ಅವನ ಪರವಾಗಿ ವಾದಾ ಮಾಡು.”

ನಾನು ಎದ್ದು ನಿಂತೇ ಮಾಡಿದೆ. ರೊಕ್ಕ ಇಟ್ಟುಕೋ ಅಂತ ನಾನೇ ಹೇಳಿದ್ದೆ. ಆಕೆ ಇಟ್ಟುಕೊಂಡಿದ್ದರೆ ವ್ಯವಹಾರ ಮುರಿದವನು ನಾನಾಗುತ್ತಿದ್ದೆ, ಉಳಿದದ್ದನ್ನು ಕೇಳಲು ಆಕೆಗೆ ಬಾಯಿ ಇರುತ್ತಿತ್ತು. ತಿರುಗಿ ಕೊಟ್ಟು ಮುರಿದವಳು ಆಕೆಯೇ. ಯಾರೂ ಕೇಳದೆ, ಯಾರೂ ಒತ್ತಾಯಿಸದೆ, ಬರೀ ಠೇಂಕಾರಕ್ಕೆ. ಆದ್ದರಿಂದ ನಾನು ಆಕೆಗೆ ಏನೂ ಕೊಡಬೇಕಾಗಿಲ್ಲ.

“ಈ ಸಲ ಒಂದನೇ ಬಹುಮಾನ ನಿನಗ” ಎಂದರು ವಕೀಲೆ.

ನನ್ನ ವಿರುದ್ಧ ನಾನೇ ಗೆದ್ದು ಪೆಚ್ಚಾಗಿ ಕುಳಿತಿದ್ದೆ. ಆದರೆ ಗೆದ್ದ ವಾದದಲ್ಲೂ ಎಲ್ಲೋ ಒಂದು ತೂತು ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದು ಕಂಡಿತು.

“ಅಕ್ಕಾರ, ವ್ಯವಹಾರ ಮುರೀತು ಅನ್ರಿ. ರೊಕ್ಕಾ ಅವರ ಕಡೆ ಹೋತು. ಮಾಲು ಯಾಕ ಇನ್ನೂ ಅವರ ಕಡೇನ ಐತಿ?”

“ಈಗ ಬಂದಿ ನೋಡು ಹಾದಿಗೆ.” ಅವರು ಮುಂದಕ್ಕೆ ಬಾಗಿದರು. ನೌಕರಿಯಲ್ಲಿ ಇಲ್ಲದವರು ಬರೆದದ್ದರ ಹಕ್ಕು ಬರೆದವರದೇ. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಬರವಣಿಗೆಯಲ್ಲಿ ಸಹಿ ಬೇಕು, ಚಹಾ ಸಾಲದು ಎಂದು ವಿವರಿಸಿದರು. “ನೋಟೀಸು ಕಳಸಾಕ ಬರತೈತಿ. ಮೊದಲ ನೀ ಹೋಗಿ ಮಾತಾಡು. ಆದ್ರ ಒಂದು ಹೇಳು: ನಿನಗ ರೊಕ್ಕಾ ಬೇಕೋ, ಬರಹ ಬೇಕೋ?”

ಬಸ್ಸಿನಲ್ಲಿ ಬಾದಾಮಿಯವರೆಗೂ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಹಣ ಬೇಡ ಎಂದರೆ ಸುಳ್ಳಾಗುತ್ತದೆ, ಮುಂದಿನ ತಿಂಗಳ ಖರ್ಚು ಅದರಿಂದಲೇ ಆಗಬೇಕಿತ್ತು. ಆದರೆ ಹೊಂಡದ ಬದಿಯಲ್ಲಿ ಆ ಇಬ್ಬರು ನಕ್ಕದ್ದು ನನ್ನ ಸಾಲಿಗೆ. ಅದು ನನ್ನದು ಎಂದರೆ ರೊಟ್ಟಿಯವಳೂ ನಂಬಲಿಲ್ಲ. ಆ ನಂಬಿಕೆ ನನಗೆ ಬೇಕಾಗಿತ್ತು.

ಮಾಲೀಕರು ಕೌಂಟರಿನಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದರು, ಕುರ್ಚಿ ಕೊಟ್ಟರು. ಕದ್ದವನ ಗಾಬರಿ ಮುಖದಲ್ಲಿ ಎಲ್ಲೂ ಇಲ್ಲದ್ದು ನನಗೆ ವಿಚಿತ್ರವೆನಿಸಿತು.

“ನೀವು ರೊಕ್ಕಾ ತಿರಗಿ ಕಳಿಸೀರಿ. ವ್ಯವಹಾರ ಮುಗೀತಲ್ರಿ” ಎಂದರು.

“ಮುಗೀತು, ಒಪ್ಪಿದೆ. ನನ್ನ ಮಾಲು ತಿರಗಿ ಕೊಡ್ರಿ.”

“ಮಾತಿಗೆ ಮಾಲು ಅಂತಾರೇನ್ರಿ? ಗಾಳ್ಯಾಗ ಹೋದದ್ದು ಅದು.”

“ಹಂಗಾರ ಗಾಳಿ ಬಂದ್ ಮಾಡ್ರಿ.”

ಅವರು ನಕ್ಕರು, ಆಮೇಲೆ ಗಂಭೀರರಾದರು. “ಖರೆ ಹೇಳ್ತೇನಿ. ರೊಕ್ಕಾ ಕಳಿಸಿದ್ರಿ, ಬರಹ ತಿರಗಿ ಕೇಳಲಿಲ್ಲ. ಬನಶಂಕರಿ ತಾಯಿ ಸೇವಾಕ್ಕ ಅಂತ ಬಿಟ್ಟುಕೊಟ್ರಿ ಅಂತ ತಿಳಕೊಂಡೆ. ಭಾಳ ಒಳ್ಳೇ ಹುಡುಗಿ ಅಂತ ಮಂದಿಗೆ ಹೇಳೇನಿ ಸುದ್ದಾ.”

ಹಣ ಹಿಂದಕ್ಕೆ ಕಳಿಸಿ ನಾನು ಸಿಟ್ಟು ತೋರಿಸಿದ್ದೆ, ಅವರು ಅದನ್ನು ದಾನ ಎಂದು ಓದಿಕೊಂಡಿದ್ದರು. ಇಂಥ ಉತ್ತರಕ್ಕೆ ಯಾವ ಸ್ಪರ್ಧೆಯಲ್ಲೂ ನಾನು ತಯಾರಿ ಮಾಡಿಕೊಂಡಿರಲಿಲ್ಲ.

“ಮತ್ತ ಆ ರಾಕ್ಷಸನ ಸಾಲು? ಬ್ಯಾಡ ಅಂದಿದ್ರಲ್ಲ?”

“ಒಮ್ಮೆ ಓದಿ ನೋಡಿದೆ. ಬಾಯಾಗ ಚಲೋ ಕುಂತಿತು” ಎಂದು ಸ್ವಲ್ಪ ನಾಚಿದರು.

ಕಥೆಯ ಮೊದಲಿಗೇ ನನ್ನ ಹೆಸರು ಕೇಳಿಸಬೇಕು, ಮಾತಾಡಿದ ಹಣ ಪೂರ್ತಿ ಬರಬೇಕು, ಇಲ್ಲವಾದರೆ ಇವತ್ತೇ ತೆಗೆದುಹಾಕಬೇಕು ಎಂದೆ. ಅವರು ಬಹಳ ಎಳೆದಾಡಲಿಲ್ಲ. ಅಲ್ಲೇ ಒಂದು ಹಾಳೆ ತೆಗೆದು ಇಬ್ಬರೂ ಬರೆಯತೊಡಗಿದೆವು. ಬರಹದ ಹಕ್ಕು ನನ್ನದು, ಲಾಡ್ಜಿನವರಿಗೆ ಕೇಳಿಸುವ ಅನುಮತಿ ಮಾತ್ರ. ಬದಲಾವಣೆ ಎಷ್ಟು ಸಲ ಕೇಳಬಹುದು ಎಂಬಲ್ಲಿ ತಡೆಯಿತು. ಅವರು ಮೂರು ಎಂದರು, ನಾನು ಒಂದು ಎಂದೆ, ಎರಡಕ್ಕೆ ನಿಂತಿತು. ಸಹಿ ಆಯಿತು. ನನ್ನ ಫೋನಿನಲ್ಲಿ ಹಣ ಬಂದ ಸದ್ದೂ ಆಯಿತು.

“ಹಂಗಾರ ಒಂದನೇ ಬದಲಾವಣೆ ಈಗ ಹೇಳ್ತೇನಿ” ಎಂದರು.

“ಈಗಲೇ?”

“ಕೆರಿ ದಾಟಿದ ಮ್ಯಾಲ ಎಡಕ್ಕ ಹೊಳ್ಳರಿ ಅಂತ ಬರದೀರಿ. ಬಲಕ್ಕ ಹೊಳ್ಳಬೇಕ್ರಿ. ನಿಮ್ಮ ಮಾತು ಕೇಳಿದವರೆಲ್ಲಾ ಹೋಗಿ ಒಬ್ಬರ ದನಾ ಕಟ್ಟೂ ಜಾಗಾದಾಗ ನಿಂದ್ರಾಕತ್ತಾರ. ಆ ಮನಿ ಅವ್ವ ದಿನಾ ಬಂದು ನನಗ ಬೈತಾಳ.”

“ಅದು ಬದಲಾವಣೆ ಅಲ್ರಿ, ತಿದ್ದುಪಡಿ. ನನ್ನ ತಪ್ಪು ನಾ ಪುಕ್ಕಟೆ ತಿದ್ದತೇನಿ. ನಿಮ್ಮ ಎರಡು ಹಂಗ ಉಳೀತಾವ.”

ಅವರು ಕನ್ನಡಕ ಏರಿಸಿಕೊಂಡು ಹಾಳೆಯನ್ನು ಮತ್ತೆ ಮೇಲಿಂದ ಓದಿದರು. “ಹಂಗಂತ ಇದರಾಗ ಎಲ್ಲಿ ಬರದೈತಿ?”

ಎಲ್ಲೂ ಬರೆದಿರಲಿಲ್ಲ. ನಾನು ಪೆನ್ನು ತೆಗೆದುಕೊಂಡೆ.