ಒಂದೇ ಗೋಡೆಯ ಮೇಲೆ ಎರಡು ಬಾಣ

ಬೆಳಗಿನ ಸಂಧ್ಯಾವಂದನೆ ಮುಗಿಸಿ, ಪಂಚಪಾತ್ರೆಯನ್ನು ತೊಳೆದು ಬೋರಲು ಹಾಕಿ, ಅದೇ ಮಣೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆಯುವ ವೈದಿಕ ನಾನು. ಹೀಗೆಂದರೆ ನನ್ನ ಓರಗೆಯವರು ಹುಬ್ಬೇರಿಸುತ್ತಾರೆ, ಕಿರಿಯರು ನಗುತ್ತಾರೆ. ಇಬ್ಬರಿಗೂ ಅವರವರ ಕಾರಣಗಳಿವೆ. ನಾನು ಇಬ್ಬರನ್ನೂ ಕ್ಷಮಿಸಿದ್ದೇನೆ. ವಿಜಯಿಗಳಿಗೆ ಕ್ಷಮಿಸುವುದು ಸುಲಭ. ಈಚೆಗೆ ನಾನೊಂದು ವಿಜಯವನ್ನು ಸಾಧಿಸಿದೆ: ಒಂದು ಲ್ಯಾಪ್‌ಟಾಪಿಗೆ ಎರಡು ಮೌಸ್ ಜೋಡಿಸಿ, ಎರಡಕ್ಕೂ ಪರದೆಯ ಮೇಲೆ ಬೇರೆ ಬೇರೆ ಬಾಣ ಮೂಡುವಂತೆ ಮಾಡಿದೆ. ಅಷ್ಟಕ್ಕೆ ಇಷ್ಟು ಪೀಠಿಕೆಯೇ ಎನ್ನಬೇಡಿ. ನಮ್ಮ ಹಳೆಯ ಕಾವ್ಯಗಳಲ್ಲಿ ಕಥೆ ಆರಂಭವಾಗುವ ಮೊದಲು ಸಮುದ್ರವನ್ನೂ ದ್ವೀಪವನ್ನೂ ನಾಡನ್ನೂ ಬಣ್ಣಿಸಿ ಆಮೇಲೆ ಊರಿಗೆ ಬರುವ ಪದ್ಧತಿಯಿದೆ. ನಾನು ಸಮುದ್ರವನ್ನು ಬಿಟ್ಟು ನೇರವಾಗಿ ಊರಿಗೆ ಬರುತ್ತೇನೆ.

ಊರು ನಾಗಸಂದ್ರ. ಮೆಟ್ರೋ ಇಳಿದು ತುಮಕೂರು ರಸ್ತೆಯ ಲಾರಿಗಳ ಗದ್ದಲವನ್ನು ಹಿಂದಕ್ಕೆ ಬಿಟ್ಟು ಒಳಬೀದಿಗೆ ಹೊರಳಿದರೆ, ಒಂದು ಪಕ್ಕದಲ್ಲಿ ಲೇತ್ ಯಂತ್ರಗಳ ಶೆಡ್ಡುಗಳು, ಇನ್ನೊಂದು ಪಕ್ಕದಲ್ಲಿ ಬಾಡಿಗೆ ಕೋಣೆಗಳ ಸಾಲು, ನಡುವೆ ಆಂಜನೇಯಸ್ವಾಮಿ. ಲೋಹ ಕೊರೆಯುವ ಸದ್ದಿಗೂ ಘಂಟಾನಾದಕ್ಕೂ ಅಲ್ಲಿ ಬಹುಕಾಲದ ಒಡಂಬಡಿಕೆ. ಪ್ರತಿ ಶನಿವಾರ ಸಂಜೆ ಆ ದೇವಸ್ಥಾನದ ಮಂಟಪದಲ್ಲಿ ನಮ್ಮ ಗಮಕ. ಗಮಕ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸಬೇಕು, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳಬೇಕು. ವಾಚನ ನನ್ನದು, ವ್ಯಾಖ್ಯಾನ ನನ್ನ ಧರ್ಮಪತ್ನಿ ವಿಶಾಲಾಕ್ಷಿಯದು. ಕೇಳಲು ಬರುವವರು ಕಾರ್ಖಾನೆಯ ಪಾಳಿ ಮುಗಿಸಿದವರು, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿ ಬೀಡುಬಿಟ್ಟವರು, ಊರಿನ ಹಳೆಯ ಒಕ್ಕಲಿನವರು. ಅವರ ಅನುಕೂಲಕ್ಕಾಗಿ ದೇವಸ್ಥಾನದ ಸಮಿತಿಯವರು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸಿದ್ದಾರೆ. ಪದ್ಯ ಗೋಡೆಯ ಮೇಲೆ ಬೆಳಕಾಗಿ ಮೂಡುತ್ತದೆ. ನಾನು ಹಾಡುತ್ತ ಹಾಡುತ್ತ ಬಾಣದ ಗುರುತನ್ನು ಸಾಲಿನ ಮೇಲೆ ಸರಿಸುತ್ತೇನೆ. ಅರ್ಥ ಹೇಳುವಾಗ ಅವಳು ಅದೇ ಬಾಣದಿಂದ ಒಂದೊಂದೇ ಪದವನ್ನು ಮುಟ್ಟಿ ತೋರಿಸುತ್ತಾಳೆ.

ತೊಡಕು ಹುಟ್ಟಿದ್ದು ಆ ‘ಅದೇ’ ಬಾಣದಲ್ಲಿ. ವಿಶಾಲಾಕ್ಷಿ ಹುಟ್ಟಾ ಎಡಗೈಯವಳು. ಊಟಕ್ಕೂ ಆರತಿಗೂ ಹಿರಿಯರು ಬಲಗೈಯನ್ನು ಅಭ್ಯಾಸ ಮಾಡಿಸಿದ್ದರೂ ತರಕಾರಿ ಹೆಚ್ಚುವುದು, ಬರೆಯುವುದು, ಬೆರಳೆತ್ತಿ ನನ್ನನ್ನು ಗದರುವುದು ಎಲ್ಲವೂ ಎಡಗೈಯಲ್ಲೇ. ಮಂಟಪದಲ್ಲಿ ಅವಳು ನನ್ನ ಬಲಕ್ಕೆ ಕೂರುತ್ತಿದ್ದಳು; ಪುಣ್ಯಕಾರ್ಯದಲ್ಲಿ ಪತ್ನಿ ಬಲಭಾಗದಲ್ಲಿರಬೇಕೆಂಬ ವಿಧಿಯನ್ನು ನಾನೇ ಅಲ್ಲಿ ಜಾರಿಗೆ ತಂದಿದ್ದೆ. ಹೀಗಾಗಿ ನಡುವೆ ಇಟ್ಟ ಮೌಸ್ ನನ್ನ ಬಲಗೈಗೂ ಅವಳ ಎಡಗೈಗೂ ಸಮಾನ ದೂರದಲ್ಲಿತ್ತು. ಅರ್ಧ ರಾಜ್ಯಕ್ಕಾಗಿ ಯುದ್ಧವಾದ ನಾಡು ನಮ್ಮದು. ಒಂದೇ ಮೌಸಿಗೆ ಇಬ್ಬರು ಹಕ್ಕುದಾರರಾದರೆ ಏನಾದೀತೆಂದು ನಾನು ಊಹಿಸಬೇಕಿತ್ತು.

ಅಂದಿನ ಪ್ರಸಂಗ ವನವರ್ಣನೆ. ಅವಳು ಮೊದಲ ಸಾಲಿನ ಯಾವುದೋ ಮರದ ಹೆಸರಿನ ಬಳಿ ನಿಂತು ಅದರ ಹೂವು, ಕಾಯಿ, ಔಷಧಿ ಗುಣ ಎಲ್ಲವನ್ನೂ ಹೇಳುತ್ತಿದ್ದಳು. ವ್ಯಾಖ್ಯಾನ ಮುಗಿಯಿತೆಂದು ಭಾವಿಸಿ ನಾನು ಮೌಸನ್ನು ಸೆಳೆದು ಮುಂದಿನ ಪದ್ಯಕ್ಕೆ ಹೋದೆ.

“ರೀ, ಸ್ವಲ್ಪ ಬಿಡ್ತೀರಾ?”

“ಹೊತ್ತಾಯ್ತು ಕಣೇ. ಇನ್ನೂ ಕಾಡಿಂದ ಆಚೆ ಬರಬೇಕು.”

“ಅರ್ಥ ಹೇಳೋರ ಕೈಯಿಂದ ಕಿತ್ಕೊಂಡ್ರೆ ನಾನು ಏನನ್ನ ತೋರಿಸ್ಲಿ? ನಿಮ್ಮ ಮುಖಾನಾ?”

ಮೌಸ್ ಒಂದೇ ಇದ್ದರೂ ಮೈಕುಗಳು ಎರಡಿದ್ದವು. ಈ ಸಂವಾದ ಮಂಟಪವನ್ನು ತುಂಬಿ ಬೀದಿಯ ಬೇಕರಿಯವರೆಗೂ ಕೇಳಿಸಿತಂತೆ. ಸಭೆ ನಕ್ಕಿತು. ವಿಶಾಲಾಕ್ಷಿ ನಗಲಿಲ್ಲ. ಮನೆಗೆ ಬಂದು ಕಾಲು ತೊಳೆದವಳೇ ತೀರ್ಪು ಕೊಟ್ಟಳು: “ಬರೋ ಶನಿವಾರದಿಂದ ನೀವೇ ಓದಿ, ನೀವೇ ಅರ್ಥ ಹೇಳ್ಕೊಳ್ಳಿ. ನಾನು ಮುಂದುಗಡೆ ಚಾಪೆ ಮೇಲೆ ಕೂತ್ಕೊಂಡು ಕೇಳ್ತೀನಿ. ಅರ್ಥ ಆದ್ರೆ ತಲೆ ಆಡಿಸ್ತೀನಿ.”

ಸುದ್ದಿ ಬೆಳಗಾಗುವುದರೊಳಗೆ ಸಮಿತಿಯ ನಂಜುಂಡಪ್ಪನವರನ್ನು ಮುಟ್ಟಿತು. ಅವರದು ನಾಗಸಂದ್ರದ ಮೂಲ ಮನೆತನ. ದೇವಸ್ಥಾನದ ಆಗುಹೋಗುಗಳೆಲ್ಲ ಅವರ ಮೂಲಕವೇ.

“ಏನ್ ಸ್ವಾಮಿ, ಅಮ್ನೋರು ಬರಾಕಿಲ್ವಂತೆ?”

“ಅರ್ಥಾನೂ ನಾನೇ ಹೇಳ್ತೀನಿ ಬಿಡಿ,” ಎಂದೆ, ಧೈರ್ಯವಾಗಿ.

“ಅಂಗಲ್ಲ ಸ್ವಾಮಿ. ನಿಮ್ ರಾಗ ಕೇಳಿದ್ರೆ ಕಣ್ ತುಂಬ್ತದೆ, ದಿಟ. ಆದ್ರೆ ಇಂಗೆ ಬರೀ ಕಣ್ ತುಂಬ್ಕಂಡು ಎಷ್ಟೊತ್ ಕೂರೋದು? ಅಮ್ನೋರು ಬಾಯ್ ಬಿಟ್ರೇನೆ ಕತೆ ಏನಂತ ತಿಳಿಯೋದು. ಅವರು ಬರ್ದಿದ್ರೆ ಜನಾನೂ ಬರಾಕಿಲ್ಲ.”

ಸತ್ಯ ಕಹಿಯಾಗಿದ್ದರೂ ಅದಕ್ಕೆ ಔಷಧಿಯ ಗುಣವಿದೆ. ಅವಳಿಲ್ಲದೆ ಶನಿವಾರವಿಲ್ಲ. ಮನೆಗೆ ಹೋಗಿ, ಧ್ವನಿಯನ್ನು ಮಂದ್ರಸ್ಥಾಯಿಗೆ ಇಳಿಸಿ, ಏನು ಮಾಡಿದರೆ ಬರುವೆ ಎಂದು ಕೇಳಿದೆ. “ನನ್ನ ಕೈಗೆ ನನ್ನದು ಅಂತ ಒಂದು ಮೌಸ್ ಇರ್ಲಿ. ಆಮೇಲೆ ನೋಡೋಣ,” ಎಂದಳು.

ಇದೇನು ಮಹಾ ಎಂದು ಅಂಗಡಿಯಿಂದ ಪುಟ್ಟದೊಂದು ಕೆಂಪು ಮೌಸ್ ತಂದು ಸಿಕ್ಕಿಸಿದೆ. ವಿಘ್ನೇಶ್ವರನನ್ನೂ ನೆನೆದೆ, ಅವನ ವಾಹನದ ಹೆಸರೇ ಈ ಸಾಧನಕ್ಕೂ ಇರುವುದರಿಂದ ಈ ವಿಷಯದಲ್ಲಿ ಅವನಿಗೆ ತುಸು ಹೆಚ್ಚಿನ ಆಸಕ್ತಿ ಇದ್ದೀತೆಂಬ ಭರವಸೆ. ಆದರೆ ಎರಡು ಮೌಸಿಗೂ ಪರದೆಯ ಮೇಲಿನ ಬಾಣ ಒಂದೇ! ನಾನು ಈಚೆಗೆ, ಅವಳು ಆಚೆಗೆ ಎಳೆದರೆ ಅದು ಇಬ್ಬರು ಹಗ್ಗ ಹಿಡಿದ ಕರುವಿನಂತೆ ಒದ್ದಾಡಿತು. ಎಡಗೈಗೆ ಹೊಂದಲೆಂದು ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿದೆ. ಅವಳ ಮೌಸಿನ ಜೊತೆಗೆ ನನ್ನದೂ ಬದಲಾಯಿತು. ತೆರೆಯಲೆಂದು ಒತ್ತಿದಲ್ಲೆಲ್ಲ ಬೇಡದ ಪಟ್ಟಿಯೊಂದು ಜೋತುಬೀಳತೊಡಗಿತು.

“ಏನು, ನೀವೂ ಎಡಗೈಯೋರಾದ್ರಾ?” ಅಡುಗೆಮನೆಯಿಂದ ಧ್ವನಿ ಬಂತು. “ಇಷ್ಟು ವರ್ಷ ನಾನು ಪಟ್ಟಿದ್ದು ಈಗ ಗೊತ್ತಾಯ್ತಾ?”

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಲ್ಯಾಪ್‌ಟಾಪಿನಲ್ಲಿರುವುದು ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ನನಗೆ ವ್ಯಾಕರಣ ಪಾಠ ಹೇಳಿದ ಗುರುಗಳು, ಕಲಿತವನು ಇನ್ನೊಬ್ಬನಿಗೆ ಕಲಿಸಿದರೆ ಅದೇ ತಮಗೆ ಸಲ್ಲುವ ದಕ್ಷಿಣೆ ಎನ್ನುತ್ತಿದ್ದರು. ಅವರು ಕಂಪ್ಯೂಟರನ್ನು ಕಂಡವರಲ್ಲ. ಆದರೂ ಮುಖ ಕಾಣದ ಎಷ್ಟೋ ಜನ ಲೋಕದ ಮೂಲೆಮೂಲೆಗಳಲ್ಲಿ ಕುಳಿತು ಅವರ ಮಾತನ್ನು ನಡೆಸುತ್ತಿದ್ದಾರೆ. ಈ ಜನ ಅಂತರ್ಜಾಲದಲ್ಲಿ ಪರಸ್ಪರ ಬರೆದುಕೊಂಡದ್ದನ್ನು ಓದುತ್ತ ಹೋದೆ. ಒಬ್ಬನು ಕಂಪ್ಯೂಟರಿಗೆ ಕೊಡಬೇಕಾದ, ಸೂತ್ರದಂತೆ ಗಿಡ್ಡನೆಯ ಆದೇಶವೊಂದನ್ನು ಬರೆಯುತ್ತಾನೆ. ಇನ್ನೊಬ್ಬ ಅದಕ್ಕೆ ಉದ್ದನೆಯ ವೃತ್ತಿ, ಎಂದರೆ ವಿವರಣೆ, ರಚಿಸುತ್ತಾನೆ. ಮೂರನೆಯವನು ಬಂದು, ಇಬ್ಬರಿಗೂ ಮೂಲವೇ ಅರ್ಥವಾಗಿಲ್ಲವೆಂದು ಖಂಡಿಸುತ್ತಾನೆ. ಖಂಡನೆಗೆ ಮತ್ತೊಬ್ಬನ ಖಂಡನೆ. ನನಗೆ ತವರಿಗೆ ಬಂದಂತಾಯಿತು. ಭಾಷ್ಯಕಾರರ ಜಗಳದ ನಡುವೆ ಬೆಳೆದವನಿಗೆ ಇದು ಯಾವ ಲೆಕ್ಕ?

ಅಲ್ಲಿ ತಿಳಿದ ರಹಸ್ಯವಿದು. ಲಾಗಿನ್ ಆಗುವ ಬಾಗಿಲಲ್ಲೇ ಹಳೆಯ ಪದ್ಧತಿ, ಹೊಸ ಪದ್ಧತಿ ಎಂದು ಎರಡು ದಾರಿಗಳಿವೆ. ನಮ್ಮ ಲ್ಯಾಪ್‌ಟಾಪಿನ ಹೊಸತರಲ್ಲಿ ಥಳಕು ಹೆಚ್ಚು, ಎರಡು ಬಾಣಕ್ಕೆ ಎಡೆಯಿಲ್ಲ. ಹಳೆಯದರಲ್ಲಿ ಆ ಔದಾರ್ಯವಿದೆ. ಇದನ್ನು ಓದಿ ನನ್ನ ಮುಖದಲ್ಲಿ ಮೂಡಿದ ಸಂತೋಷವನ್ನು ಸನಾತನಿಗಳು ಮಾತ್ರ ಅರ್ಥಮಾಡಿಕೊಂಡಾರು. ಗುಂಡಿಗಳನ್ನು ಮೊದಲಿನಂತೆ ಮಾಡಿ, ಹಳೆಯ ದಾರಿಯಲ್ಲಿ ಒಳಹೊಕ್ಕು, ಕಪ್ಪು ಕಿಟಕಿಯೊಂದನ್ನು ತೆರೆದು, ಆದೇಶವನ್ನು ಅಕ್ಷರ ಬಿಡದೆ ಬೆರಳಚ್ಚಿಸಿದೆ. ಮಂತ್ರದಲ್ಲಿ ಸ್ವರ ತಪ್ಪಿದರೆ ಫಲ ತಪ್ಪುವಂತೆ ಇಲ್ಲಿ ಒಂದು ಅಡ್ಡಗೆರೆ ತಪ್ಪಿದರೂ ಯಂತ್ರ ಮುಖ ತಿರುಗಿಸುತ್ತದೆ. ಪರದೆಯ ಮೇಲೆ ವಂಶಾವಳಿಯಂಥ ಪಟ್ಟಿ ಮೂಡಿತು. ಮೇಲೆ ಒಬ್ಬ ಯಜಮಾನ. ಕೆಳಗೆ ಅವನ ಸೇವಕರಾಗಿ ನಮ್ಮ ಹಳೆಯ ಕಪ್ಪು ಮೌಸ್, ಹೊಸ ಕೆಂಪು ಮೌಸ್ ಎರಡೂ. ಬಾಣ ಒಂದೇ ಇದ್ದದ್ದು ಯಜಮಾನ ಒಬ್ಬನೇ ಆದ್ದರಿಂದ. ಎರಡನೆಯ ಬಾಣ ಬೇಕಾದರೆ ಎರಡನೆಯ ಯಜಮಾನತ್ವವನ್ನೇ ಸೃಷ್ಟಿಸಿ, ಅದಕ್ಕೊಂದು ಹೆಸರಿಟ್ಟು, ಕೆಂಪು ಮೌಸನ್ನು ಅದರ ವಶಕ್ಕೆ ಒಪ್ಪಿಸಬೇಕು.

ಹೆಸರೇನಿಡುವುದು? ಕ್ಷಣಕಾಲ ಯೋಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ವಿಶಾಲಾಕ್ಷಿ’ ಎಂದು ಬರೆದೆ. ಮುಂದಿನ ಆದೇಶದಲ್ಲಿ ಕೆಂಪು ಮೌಸನ್ನು ಆ ಹೆಸರಿಗೆ ಸೇರಿಸಿದೆ. ಅದರ ನಂತರದ್ದರಲ್ಲಿ ಗುಂಡಿಗಳನ್ನು, ಆ ಒಂದೇ ಮೌಸಿಗೆ ಅನ್ವಯಿಸುವಂತೆ, ಅದಲುಬದಲಾಗಿಸಿದೆ. ಪರದೆಯ ನಡುವೆ, ಯಾವ ಆಡಂಬರವೂ ಇಲ್ಲದೆ, ಇನ್ನೊಂದು ಬಾಣ ಬಂದು ನಿಂತಿತು. ನಾನು ಎದ್ದು ನಿಂತೆ. ಕೈ ಜೋಡಿಸಿದೆನೆಂದು ಹೇಳಲು ಸಂಕೋಚವಿಲ್ಲ.

ವಿಶಾಲಾಕ್ಷಿ ಸೆರಗಿಗೆ ಕೈ ಒರೆಸುತ್ತ ಬಂದು ಪಟ್ಟಿಯನ್ನು ಓದಿದಳು. “ಇದೇನ್ರೀ, ನನ್ನ ಹೆಸರು ಇದರೊಳಗೆ?”

“ಇನ್ನು ಮೇಲೆ ನೀನೂ ಒಬ್ಬ ಯಜಮಾನಿ ಕಣೇ. ಕಂಪ್ಯೂಟರೇ ಒಪ್ಪಿದೆ.”

“ಪಾಪ, ಅದಕ್ಕೆ ಬೇಗ ಗೊತ್ತಾಯ್ತು,” ಎಂದು ಕೆಂಪು ಮೌಸಿನ ಮೇಲೆ ಎಡಗೈ ಇಟ್ಟಳು. ಅವಳ ಬಾಣ ಪರದೆಯನ್ನೆಲ್ಲ ಒಂದು ಸುತ್ತು ಪ್ರದಕ್ಷಿಣೆ ಬಂತು. ನನ್ನದು ಕದಲಲಿಲ್ಲ.

ವಿಜಯವೆಂದು ಶಂಖ ಊದುವ ಮೊದಲೇ ಅಭ್ಯಾಸಕ್ಕೆ ಕುಳಿತೆವು. ಹೊಸ ತೊಡಕು. ಅವಳು ನನ್ನ ಬಲಕ್ಕೆ. ನನ್ನ ಬಲಗೈ, ಅವಳ ಎಡಗೈ ಎರಡೂ ನಡುವಿನ ಗೇಣಗಲದ ಜಾಗದಲ್ಲಿ ಹಾಯುವ ಟಗರುಗಳಂತೆ ಡಿಕ್ಕಿ ಹೊಡೆದವು. ಬಾಣಗಳು ಬೇರೆಯಾದರೂ ಮೊಣಕೈಗಳು ಬೇರೆಯಾಗಲಿಲ್ಲ.

“ರೀ, ನಾನು ಎಡಕ್ಕೆ ಬರ್ಲಾ?”

“ಪುಣ್ಯಕಾರ್ಯ ಕಣೇ. ಬಲಕ್ಕೇ ಕೂರಬೇಕು.”

“ಆಶೀರ್ವಾದದ ಹೊತ್ತಿಗೆ ಹೆಂಡತಿ ಎಡಕ್ಕೆ ಅಂತ ಕಂಡೋರ ಮದುವೇಲೆಲ್ಲಾ ಹೇಳೋರು ನೀವೇ ಅಲ್ವಾ?”

“ಹೌದು. ಇಲ್ಲಿ ಆಶೀರ್ವಾದ ಎಲ್ಲಿ ಬಂತು?”

“ದಿನವೆಲ್ಲಾ ಮಿಷನ್ ಮುಂದೆ ನಿಂತು ಬಂದೋರಿಗೆ ಒಂದು ಒಳ್ಳೇ ಮಾತಿನ ಅರ್ಥ ತಿಳ್ಸಿ ಮನೆಗೆ ಕಳಿಸ್ತೀವಲ್ಲ, ಅದು ಇನ್ನೇನು ಮತ್ತೆ?”

ಆಕ್ಷೇಪಕ್ಕಾಗಿ ಮನಸ್ಸಿನ ಗ್ರಂಥಭಂಡಾರವನ್ನೆಲ್ಲ ತಡಕಿದೆ. ಸಿಗಲಿಲ್ಲ. ಸಿಗದ್ದಕ್ಕೆ ಸಂತೋಷವೂ ಆಯಿತು. ಅವಳು ಚಾಪೆಯನ್ನು ಎಡಕ್ಕೆ ಎಳೆದುಕೊಂಡಳು. ಈಗ ಅವಳ ಎಡಗೈ ಆ ತುದಿಯಲ್ಲಿ, ನನ್ನ ಬಲಗೈ ಈ ತುದಿಯಲ್ಲಿ, ನಡುವೆ ಲ್ಯಾಪ್‌ಟಾಪ್ ನಿರಾಳ. ಪರಮೇಶ್ವರನು ದೇವಿಗೆ ಎಡಭಾಗವನ್ನೇ ಕೊಟ್ಟದ್ದು ಏಕೆಂದು ಬಾಲ್ಯದಿಂದ ಅನೇಕ ವಿವರಣೆಗಳನ್ನು ಕೇಳಿದ್ದೇನೆ. ಮೊಣಕೈಗಳಿಗೆ ಸಂಬಂಧಿಸಿದ ವಿವರಣೆಯನ್ನು ಯಾರೂ ಹೇಳಿರಲಿಲ್ಲ.

ಶನಿವಾರ ಬಂತು. ಅವಳೂ ಬಂದಳು, ಚಾಪೆಗಲ್ಲ, ವೇದಿಕೆಗೆ. ನಂಜುಂಡಪ್ಪನವರು ಬಾಗಿಲಲ್ಲೇ “ಅಮ್ನೋರು ಬಂದ್ರು!” ಎಂದು ಯಾರಿಗೂ ಅಲ್ಲದಂತೆ, ಎಲ್ಲರಿಗೂ ಕೇಳುವಂತೆ ಸಾರಿದರು. ಶ್ರುತಿ ಹಿಡಿದು ಮೋಹನ ರಾಗದಲ್ಲಿ ಪದ್ಯವನ್ನೆತ್ತಿದೆ. ಕಾವ್ಯದ ಪದ್ಯಗಳ ಸ್ವಭಾವ ನಿಮಗೆ ಗೊತ್ತು: ಯಾರು ಮಾಡಿದರು ಎಂಬುದು ಮೊದಲ ಸಾಲಿನಲ್ಲಿ, ಏನು ಮಾಡಿದರು ಎಂಬುದು ಕೊನೆಯ ಸಾಲಿನಲ್ಲಿ, ನಡುವೆ ಒಂದು ಅರಣ್ಯವೇ ಇರುತ್ತದೆ. ಕೇಳುಗರು ದಾರಿ ತಪ್ಪುವುದು ಅಲ್ಲೇ. ವಿಶಾಲಾಕ್ಷಿ ಮೈಕಿನಲ್ಲೇ ಹೇಳಿದಳು: “ರೀ, ನೀವು ಮೇಲೆ ರಾಜನ್ನ ಹಿಡ್ಕೊಂಡಿರಿ. ನಾನು ಕೆಳಗಿಂದ ಅವನು ಏನ್ ಮಾಡ್ದ ಅಂತ ತರ್ತೀನಿ.”

ನನ್ನ ಬಾಣ ಮೇಲಿನ ರಾಜನನ್ನು ಹಿಡಿದು ನಿಂತಿತು. ಅವಳದು ಕೊನೆಯ ಸಾಲಿನ ಕ್ರಿಯೆಯಿಂದ ಹೊರಟು, ನಡುವಿನ ಮರ, ಬಳ್ಳಿ, ಹಕ್ಕಿಗಳನ್ನು ಒಂದೊಂದಾಗಿ ಮುಟ್ಟಿ ಅರ್ಥ ಹೇಳುತ್ತ ಮೇಲೇರಿ ನನ್ನ ಬಾಣದ ಪಕ್ಕಕ್ಕೆ ಬಂದು ನಿಂತಿತು. ಚದುರಿದ್ದ ಪದ್ಯ ಗೋಡೆಯ ಮೇಲೆ ಒಂದಾಯಿತು. ಪದ್ಯದ ಪದಗಳನ್ನು ಅರ್ಥದ ಕ್ರಮಕ್ಕೆ ಜೋಡಿಸುವ ಅನ್ವಯವನ್ನು ನಾನು ಜೀವಮಾನವೆಲ್ಲ ಮಾಡಿದ್ದೇನೆ. ಅನ್ವಯವನ್ನು ಕಣ್ಣಾರೆ ಕಂಡದ್ದು ಅಂದೇ. ಸಭೆಯಿಂದ ‘ಆಹಾ’ ಎಂಬ ಉದ್ಗಾರ ಎದ್ದಿತು. ಅದು ರಾಗಕ್ಕೆ ಬಂದದ್ದಲ್ಲ, ಅರ್ಥಕ್ಕೆ ಬಂದದ್ದು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಯಲ್ಲವ್ವ, ಕೊಪ್ಪಳದ ಕಡೆಯ ಗಟ್ಟಿಗಿತ್ತಿ, ಪಕ್ಕದವಳನ್ನು ತಿವಿದಳು: “ಯವ್ವಾ, ಇವತ್ತ ಎರಡ ಬಾಣ ಬಂದಾವ ನೋಡ!”

“ಎರಡೂ ಒಂದ ಥರ ಅದಾವಲ್ಲ. ಯಾವ್ದು ಅಜ್ಜಾರದು, ಯಾವ್ದು ಅಮ್ಮಾರದು?”

“ಅಷ್ಟೂ ತಿಳಿಯಂಗಿಲ್ಲೇನ? ಸುಮ್ಮ ನಿಂತೈತಲ್ಲ, ಅದು ಅಜ್ಜಾರದು. ಕೆಲಸ ಮಾಡಾಕತ್ತೈತಲ್ಲ, ಅದು ಅಮ್ಮಾರದು.”

ಎರಡು ಮೈಕುಗಳಿಗೂ ಇದು ಕೇಳಿಸಿತು. ಈ ಸಲ ವಿಶಾಲಾಕ್ಷಿಯೂ ನಕ್ಕಳು. ಆ ನಗುವೇ ನನ್ನ ವಿಜಯಪತ್ರ.

ಒಂದು ಸಣ್ಣ ಕೊರತೆ ಉಳಿದಿದೆ. ಲ್ಯಾಪ್‌ಟಾಪ್ ಆರಿಸಿದೊಡನೆ ಎರಡನೆಯ ಬಾಣ ಮಾಯವಾಗುತ್ತದೆ. ಮರುವಾರ ಆದೇಶಗಳನ್ನೆಲ್ಲ ಮತ್ತೆ ಬರೆಯಬೇಕು. ತಾನಾಗಿಯೇ ಆಗುವಂತೆ ಬರೆದಿಡುವ ವಿಧಾನವೊಂದಿದೆ, ಬಹಳ ಸುಲಭ ಎಂದು ಅಂತರ್ಜಾಲದ ಭಾಷ್ಯಕಾರರು ಒಮ್ಮೆಯಾದರೂ ಏಕಕಂಠದಿಂದ ಹೇಳುತ್ತಾರೆ. ಓದಿದ್ದೇನೆ. ಅರ್ಥವೂ ಆಗಿದೆ. ಮಾಡಿಲ್ಲ. ನಮ್ಮ ತಲೆಮಾರಿನಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಮದುವೆಯಾದಂದಿನಿಂದ ನಾನು ಕರೆದದ್ದು ‘ಏನೇ’, ‘ಇವಳೇ’, ಹೆಚ್ಚೆಂದರೆ ‘ಕೇಳಿಸ್ತಾ’. ಈಗ ಪ್ರತಿ ಶನಿವಾರ ಮಂಟಪದಲ್ಲಿ ಕುಳಿತು, ಆಚಮನ ಮಾಡಿ, ಅವಳ ಹೆಸರನ್ನು ಒಂದಕ್ಷರವೂ ಬಿಡದೆ ಬರೆಯುತ್ತೇನೆ. ಎಡಗಡೆಯಲ್ಲಿ ಕುಳಿತವಳು ತನ್ನ ಬಾಣ ಬರುವವರೆಗೂ ಪರದೆಯನ್ನೇ ನೋಡುತ್ತಿರುತ್ತಾಳೆ.

“ಇದು ತಾನಾಗೇ ಬರೋ ಹಾಗೆ ಮಾಡಕ್ಕಾಗಲ್ವೇನ್ರೀ?” ಎಂದು ಮೊನ್ನೆ ಕೇಳಿದಳು.

“ಆಗಲ್ಲ,” ಎಂದೆ, ದೇವಸ್ಥಾನದಲ್ಲೇ ಕುಳಿತು.